ಸರದಿಯ ಲೆಕ್ಕ

ಯಕ್ಷಗಾನದ ಭಾಗವತನು ಕಾಲವನ್ನು ದಾಟಿಸುವ ರೀತಿಯನ್ನು ವಾಚಕರು ಗಮನಿಸಿರಬಹುದು. ಪಾಂಡವರ ಹನ್ನೆರಡು ವರುಷಗಳ ವನವಾಸವನ್ನು ಅವನು ದಿನ ದಿನವಾಗಿ ಹಾಡುತ್ತ ಕೂರುವುದಿಲ್ಲ. ಏನಾದರೊಂದು ನಡೆಯಿತೆಂದರೆ ಪದವೆತ್ತುತ್ತಾನೆ. ಏನೂ ನಡೆಯದ ದಿನಗಳು ತಾಳದ ಒಂದು ಪೆಟ್ಟಿನಲ್ಲಿ ಕಳೆದುಹೋಗುತ್ತವೆ. ಗಣಕಯಂತ್ರಕ್ಕೂ ಇದೇ ಬಗೆಯ ಕಾಲಲಂಘನವನ್ನು ಕಲಿಸಿರುವ ಶಾಸ್ತ್ರವೊಂದುಂಟು. ವಿವಿಕ್ತ ಘಟನಾ ಅನುಕರಣವೆಂದು ಅದರ ಹೆಸರು. ಹೆಸರು ಭಾರವಾಯಿತೆನ್ನುವವರು ಬಿಡಿ ಘಟನೆಗಳ ಅನುಕರಣವೆಂದರೂ ನನ್ನ ಆಕ್ಷೇಪವಿಲ್ಲ.

ಗಾಡಿ ಬಂದಿತು, ಕೆಲಸ ಮೊದಲಾಯಿತು, ಕೆಲಸ ಮುಗಿಯಿತು, ಗಾಡಿ ಹೋಯಿತು, ಇವಿಷ್ಟೇ ಅಲ್ಲಿ ಘಟನೆಗಳು. ಮುಂದೆ ನಡೆಯಬೇಕಾದ ಘಟನೆಗಳ ಪಟ್ಟಿಯೊಂದನ್ನು ಯಂತ್ರವು ಕಾಲಕ್ರಮದಲ್ಲಿ ಇಟ್ಟುಕೊಂಡು, ಮೊದಲನೆಯದರಿಂದ ಎರಡನೆಯದಕ್ಕೆ ನೆಗೆಯುತ್ತ ಹೋಗುತ್ತದೆ. ಒಂದು ಹಂಗಾಮಿನ ವ್ಯವಹಾರವನ್ನು ಕ್ಷಣಗಳಲ್ಲಿ ಆಡಿ ತೋರಿಸುತ್ತದೆ. ಬೇಕೆಂದರೆ ಸಾವಿರ ಸಲ ಆಡಿ ತೋರಿಸುತ್ತದೆ. 1961ರಲ್ಲಿ ಐ.ಬಿ.ಎಂ.ನ ಜೆಫ್ರಿ ಗಾರ್ಡನ್ ಇದಕ್ಕೆಂದೇ ಜಿ.ಪಿ.ಎಸ್.ಎಸ್. ಎಂಬ ವ್ಯವಸ್ಥೆಯನ್ನು ರಚಿಸಿದನು. ಅದೇ ದಶಕದಲ್ಲಿ ನಾರ್ವೆಯ ಓಸ್ಲೋ ನಗರದಲ್ಲಿ ಡಾಲ್ ಮತ್ತು ನ್ಯೂಗಾರ್ಡ್ ಎಂಬಿಬ್ಬರು ಸಿಮುಲಾ ಎಂಬ ಭಾಷೆಯನ್ನು ಕಟ್ಟಿದರು. ಇಂದಿನ ಗಣಕ ಭಾಷೆಗಳಲ್ಲಿ ಕಾಣುವ ‘ವರ್ಗ’, ‘ವಸ್ತು’ಗಳೆಂಬ ಕಲ್ಪನೆಗಳ ತವರು ಈ ಸಿಮುಲಾ ಭಾಷೆಯೇ. ಸಾಲಿನಲ್ಲಿ ನಿಂತವರ ಲೆಕ್ಕ ಹಾಕಲು ಹುಟ್ಟಿದ ಭಾಷೆಯು ಗಣಕಲೋಕದ ವ್ಯಾಕರಣವನ್ನೇ ತಿದ್ದಿತೆಂಬುದು ಭಾಷಾವ್ಯಾಸಂಗಿಯಾದ ನನಗೆ ಸೋಜಿಗವೆನಿಸುತ್ತದೆ.

ಇದೆಲ್ಲ ನಮಗೇಕೆಂದು ಕೇಳುವವರಿಗೆ ಒಂದು ಸಂಗತಿ ಹೇಳುತ್ತೇನೆ. ಗುಡ್ನಾಪುರದ ಕಡೆಯ ಅಡಿಕೆ ಬೆಳೆಗಾರರ ಮನೆಯ ಹುಡುಗನೊಬ್ಬನು ನಮ್ಮಲ್ಲಿ ಓದಿ ಈಗ ಇಂಜಿನಿಯರಿಂಗ್ ವ್ಯಾಸಂಗ ಮಾಡುತ್ತಿದ್ದಾನೆ. ಅವರ ನೆರೆಕೆರೆಯ ಕೆಲವು ಮನೆಯವರು ಕೂಡಿ ಅಡಿಕೆ ಸುಲಿಯುವ ಯಂತ್ರವನ್ನು ಕೊಳ್ಳಬೇಕೆಂದಿದ್ದಾರೆ. ಮೆಟ್ಟುಗತ್ತಿಯ ಮುಂದೆ ರಾತ್ರಿಯೆಲ್ಲ ಕುಳಿತು ಸುಲಿಯುವವರು ಈಗ ಸಿಕ್ಕುವುದು ಕಷ್ಟ. ಕೆಂಪಡಿಕೆಗಾಗಿ ಕೊಯ್ದ ಹಸಿ ಕಾಯಿಯನ್ನೋ ದಿನಗಟ್ಟಲೆ ರಾಶಿ ಹಾಕಿಡುವಂತಿಲ್ಲ. ಬೇಗ ಸುಲಿದು, ಬೇಯಿಸಿ, ಒಣಗಿಸಬೇಕು. ಕೊಳ್ಳುವುದು ಒಂದು ಯಂತ್ರವನ್ನೋ ಎರಡನ್ನೋ ಎಂಬುದೇ ಪ್ರಶ್ನೆ. ಕೂಡುಹಣ ಸಾಲದೆ ಬಂದರೆ ಸಾಲ ತೆಗೆಯಬೇಕಾದೀತು. ಇದನ್ನು ಅನುಕರಣದಿಂದ ತೀರ್ಮಾನಿಸಬಹುದೆಂದು ಹುಡುಗನ ನಂಬಿಕೆ. ಪುಕ್ಕಟೆ ತಂತ್ರಾಂಶಗಳು ಹಲವು ಇರುವಾಗ ಯಾವುದನ್ನು ಆರಿಸಬೇಕೆಂಬುದು ಅವನ ಗೊಂದಲ.

ಮೊದಲು ಈ ಲೆಕ್ಕದ ಮರ್ಮವನ್ನು ನೋಡೋಣ. ಸರಾಸರಿ 60 ನಿಮಿಷಕ್ಕೊಂದು ಗಾಡಿ ಬರುತ್ತದೆ, ಒಂದು ಗಾಡಿಯ ಕಾಯಿ ಸುಲಿಯಲು ಸರಾಸರಿ 50 ನಿಮಿಷ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ. ಯಂತ್ರಕ್ಕೆ ಗಂಟೆಗೆ ಹತ್ತು ನಿಮಿಷ ಬಿಡುವೇ ಉಳಿಯಿತಲ್ಲ, ಒಂದೇ ಸಾಕು, ಎಂದು ಯಾರಾದರೂ ಹೇಳಿಯಾರು. ಗಾಡಿಗಳು ಗಡಿಯಾರಕ್ಕೆ ಕಟ್ಟಿದಂತೆ ಬಂದರೆ ಆ ಮಾತು ನಿಜ, ಯಾರೂ ಕಾಯಬೇಕಿಲ್ಲ. ಆದರೆ ಹುಡುಗನ ತಂದೆಯೇ ಹೇಳಿದರಂತೆ: “ತಮ್ಮಾ, ಗಾಡಿ ಬರುವುದು ನಿನ್ನ ಗಡಿಯಾರ ನೋಡಿಕೊಂಡಲ್ಲ.” ಒಮ್ಮೆ ಮೂರು ಒಟ್ಟಿಗೆ ಬರುತ್ತವೆ, ಇನ್ನೊಮ್ಮೆ ಮಧ್ಯಾಹ್ನವೆಲ್ಲ ಒಂದೂ ಇಲ್ಲ. ಬರವೂ ಸುಲಿಯುವ ಅವಧಿಯೂ ಗಣಿತಜ್ಞರು ಘಾತೀಯವೆನ್ನುವ ರೀತಿಯಲ್ಲಿ ಅಡ್ಡಾದಿಡ್ಡಿಯಾಗಿದ್ದು, ಕೆಲಸ ಎಡೆಬಿಡದೆ ನಡೆದರೆ, ಒಂದು ಗಾಡಿಯು ತನ್ನ ಸರದಿಗಾಗಿ ಕಾಯುವ ಸರಾಸರಿ ಹೊತ್ತು 250 ನಿಮಿಷ! ನಾಲ್ಕು ಗಂಟೆಗೂ ಮಿಕ್ಕಿತು. ಸುಲಿಯುವ ಅವಧಿಯು ಏರುಪೇರಿಲ್ಲದೆ ಸರಿಯಾಗಿ 50 ನಿಮಿಷವೇ ಆಗಿ, ಬರವು ಮಾತ್ರ ಅಡ್ಡಾದಿಡ್ಡಿಯಾದರೆ ಅದು 125 ನಿಮಿಷಕ್ಕೆ ಇಳಿಯುತ್ತದೆ. ಮೊದಲಿನ ಸ್ಥಿತಿಯಲ್ಲೇ ಎರಡನೆಯ ಯಂತ್ರವನ್ನಿಟ್ಟರೆ ಕಾಯುವಿಕೆ ಅರ್ಧವಾಗುವುದೆಂದು ಊಹಿಸುವಿರಾ? ಹತ್ತೂವರೆ ನಿಮಿಷಕ್ಕೆ ಬರುತ್ತದೆ. ನಮ್ಮ ಅಂದಾಜು ಸರಾಸರಿಗಳ ಮೇಲೆ ನಿಂತಿರುತ್ತದೆ. ಸಾಲನ್ನು ಬೆಳೆಸುವುದು ಏರುಪೇರು.

ಇಷ್ಟನ್ನು ಸೂತ್ರಗಳಿಂದಲೇ ಕಂಡುಕೊಳ್ಳಬಹುದು. ಆದರೆ ರಾತ್ರಿ ಯಂತ್ರ ನಿಲ್ಲುತ್ತದೆ, ವಿದ್ಯುತ್ತು ಹೋಗುತ್ತದೆ, ಸುಲಿದದ್ದನ್ನು ಬೇಯಿಸುವ ಹಂಡೆ ತುಂಬಿರುತ್ತದೆ, ಮೋಡ ಕವಿದರೆ ಒಣಗಿಸುವ ಅಂಗಳ ತೆರವಾಗುವುದಿಲ್ಲ. ಇವೆಲ್ಲ ಕೂಡಿದಾಗ ಸೂತ್ರವು ಕೈಬಿಡುತ್ತದೆ. ಅನುಕರಣದ ಅಗತ್ಯ ತೋರುವುದು ಅಲ್ಲಿಯೇ.

ಇನ್ನು ಆಯ್ಕೆಯ ವಿಚಾರ. ಇಂಗ್ಲಿಷಿನ ‘ಫ್ರೀ’ ಎಂಬ ಒಂದೇ ಪದವು ಎರಡು ಅರ್ಥಗಳನ್ನು ಹೊತ್ತು ಜನರನ್ನು ದಾರಿತಪ್ಪಿಸುತ್ತದೆ. ಕನ್ನಡಕ್ಕೆ ಆ ತೊಡಕಿಲ್ಲ: ಪುಕ್ಕಟೆ ಬೇರೆ, ಮುಕ್ತ ಬೇರೆ. ಎನಿಲಾಜಿಕ್ ಎಂಬ ಹೆಸರಾಂತ ತಂತ್ರಾಂಶದ ಕಲಿಕೆಯ ಆವೃತ್ತಿಯು ಪುಕ್ಕಟೆ, ಚಿತ್ರಗಳು ಸೊಗಸು. ಆದರೆ ಅದು ಕಲಿಯುವುದಕ್ಕೆ ಮಾತ್ರ, ವ್ಯಾಪಾರಕ್ಕಲ್ಲ. ಮಾದರಿಯ ಗಾತ್ರಕ್ಕೂ ಮಿತಿಯುಂಟು. ಸಂಪರ್ಕಜಾಲಗಳ ಅನುಕರಣದಲ್ಲಿ ಪ್ರಸಿದ್ಧವಾದ ಓಮ್ನೆಟ್ ಕೂಡ ವಿದ್ಯಾಸಂಸ್ಥೆಗಳಿಗೆ ಪುಕ್ಕಟೆಯಾದರೂ ವಾಣಿಜ್ಯಕ್ಕೆ ಬೇರೆ ಪರವಾನಗಿ ಕೇಳುತ್ತದೆ. ಹುಡುಗನ ಪರೀಕ್ಷೆಯ ಕೆಲಸಕ್ಕೆ ಇವು ಸಾಕು. ಬೆಳೆಗಾರರ ಕೂಟವು ಬಾಡಿಗೆಗೆ ಯಂತ್ರ ನಡೆಸುವ ತೀರ್ಮಾನವನ್ನು ಇವುಗಳ ಮೇಲೆ ಮಾಡಹೊರಟರೆ ಷರತ್ತುಗಳನ್ನು ಮೊದಲು ಓದಬೇಕು.

ಮುಕ್ತವಾದವುಗಳಲ್ಲಿ ಜಾಮ್‌ಸಿಮ್ ಎಂಬುದು ಒಂದು. ಚಿತ್ರಗಳನ್ನು ಎಳೆದಿಟ್ಟು ಮಾದರಿ ಕಟ್ಟಬಹುದು, ಗಾಡಿ ಚಲಿಸುವುದನ್ನು ಕಣ್ಣಾರೆ ಕಾಣಬಹುದು. ಕ್ರಮವಿಧಿ ಬರೆಯಬಾರದವರಿಗೆ ಇದೇ ಸರಿ. ಪೈಥಾನ್ ಭಾಷೆ ಬಲ್ಲವರಿಗೆ ಸಿಂಪೈ ಇದೆ. ಚಿತ್ರವಿಲ್ಲ, ಅಂಕಿ ಅಂಶಗಳನ್ನು ನಾವೇ ಕೂಡಿಹಾಕಿಕೊಳ್ಳಬೇಕು, ಆದರೆ ಕೆಲವೇ ಪುಟಗಳಲ್ಲಿ ಇಡೀ ಅಂಗಳವನ್ನು ಬರೆದುಬಿಡಬಹುದು. ಆರ್ ಎಂಬ ಸಂಖ್ಯಾಶಾಸ್ತ್ರದ ಭಾಷೆ ರೂಢಿಯಿದ್ದವರಿಗೆ ಸಿಮ್ಮರ್ ಉಂಟು. ಊರಿನ ಹಿರಿಯರಿಗೆ ತೋರಿಸಿ ಒಪ್ಪಿಸಬೇಕಾದರೆ ಚಿತ್ರಕ್ಕೆ ಬೆಲೆಯಿದೆ. ಆದರೂ ನನ್ನ ಮತ ಸಿಂಪೈ ಕಡೆಗೆ. ಹುಡುಗನಿಗೆ ಪೈಥಾನ್ ಬರುತ್ತದೆ. ಮೇಲಾಗಿ ಸರಳ ಅಕ್ಷರಗಳಲ್ಲಿ ಬರೆದಿಟ್ಟ ಮಾದರಿಯನ್ನು ಯಾರು ಬೇಕಾದರೂ ಓದಿ, ‘ಇಲ್ಲಿ ತಪ್ಪಿದೆ’ ಎನ್ನಬಹುದು. ನುಡಿ, ಬರಹಗಳ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿಟ್ಟ ಕಡತಗಳು ಪರಿವರ್ತಿಸದೆ ತೆರೆದರೆ ಅರ್ಥವಿಲ್ಲದ ಗೀಚುಗಳಾಗಿ ಕಾಣುವ ಪಾಡನ್ನು ಕನ್ನಡಿಗರು ಬಲ್ಲರು. ಅದೇ ಗುಡ್ನಾಪುರದಲ್ಲಿ ಕದಂಬ ರವಿವರ್ಮನ ಕಾಲದ ಸ್ತಂಭಶಾಸನವನ್ನು, ಲಿಪಿ ಬಲ್ಲವರು ಸುಮಾರು ಒಂದೂವರೆ ಸಾವಿರ ವರುಷಗಳ ಮೇಲೂ ಓದಿದರು. ಅದಕ್ಕೆ ಯಾರ ಪರವಾನಗಿಯೂ ಬೇಕಾಗಲಿಲ್ಲ.

ನಮ್ಮ ನಾಡಿನಲ್ಲಿಯೇ ಇದಕ್ಕೆ ಹತ್ತಿರದ ನಿದರ್ಶನವುಂಟು. 2020ರ ಸಾಂಕ್ರಾಮಿಕದ ಕಾಲದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗಳ ವಿದ್ವಾಂಸರು ಎರಡೂ ನಗರಗಳ ಜನಜೀವನವನ್ನು ಗಣಕದಲ್ಲಿ ಅನುಕರಿಸಿ, ಅದರ ಮೂಲಸಂಕೇತವನ್ನು ಬಹಿರಂಗವಾಗಿ ಇಟ್ಟರು. ಅದರ ಗಡಿಯಾರವು ಘಟನೆಯಿಂದ ಘಟನೆಗೆ ನೆಗೆಯದೆ ಸಮ ಹೆಜ್ಜೆಗಳಲ್ಲಿ ನಡೆಯುವುದರಿಂದ ಜಾತಿ ಬೇರೆ. ಆದರೆ ನಗರಗಳ ಬಾಗಿಲು ತೆರೆಯುವ ವಿಚಾರದಲ್ಲಿ ಮಾತಾಡುವ ಲೆಕ್ಕವನ್ನು ಹೊರಗಿನವರೂ ಪರಿಶೀಲಿಸುವಂತಿರಬೇಕೆಂಬ ನಿಲುವು ಮೆಚ್ಚತಕ್ಕದ್ದು.

ಯಾವುದನ್ನು ಆರಿಸಿದರೂ ಅದಕ್ಕೊಂದು ಪರೀಕ್ಷೆಯನ್ನು ಒಡ್ಡತಕ್ಕದ್ದು. ಮೇಲೆ ಹೇಳಿದ 60, 50 ನಿಮಿಷಗಳ ಸರಳ ಸಮಸ್ಯೆಯನ್ನು ಮೊದಲು ಬಿಡಿಸಲು ಕೊಡಿ. ದೀರ್ಘಕಾಲ ಓಡಿಸಿದ ಮೇಲೂ ಉತ್ತರವು 250ರ ಸುತ್ತ ಬಾರದಿದ್ದರೆ ಮಾದರಿಯಲ್ಲಿ ದೋಷವಿದೆ. ಬಳಿಕ ಬೇರೆ ಬೇರೆ ಬೀಜಸಂಖ್ಯೆಗಳಿಂದ ಹಲವು ಸಲ ಓಡಿಸಿ ಉತ್ತರಗಳ ಹರವನ್ನು ನೋಡಬೇಕು. ಒಂದೇ ಓಟದ ಫಲವನ್ನು ನಂಬುವುದೂ ಒಂದೇ ವರುಷದ ಮಳೆ ನೋಡಿ ಹವಾಮಾನ ಹೇಳುವುದೂ ಸಮ.

ಹುಡುಗನು ಇನ್ನೊಂದನ್ನೂ ಅದರಲ್ಲಿ ಆಡಿಸಿ ನೋಡಬೇಕೆಂದು ನನ್ನ ಸೂಚನೆ. ಒಂದೇ ಯಂತ್ರವನ್ನಿಟ್ಟು, ಪ್ರತಿ ಮನೆಗೂ ಹೊತ್ತು ಗೊತ್ತುಪಡಿಸಿದ ಚೀಟಿ ಕೊಟ್ಟರೆ ಸಾಲು ಎಷ್ಟು ಕುಗ್ಗುತ್ತದೆ? ಗಾಡಿಗಳು ಹೇಳಿದ ಹೊತ್ತಿಗೆ ಅರ್ಧ ಗಂಟೆ ಹಿಂದುಮುಂದಾಗಿ ಬಂದರೂ ಈ ಏರ್ಪಾಡು ತಾಳಿಕೊಳ್ಳುತ್ತದೆಯೇ? ತಾಳಿಕೊಂಡರೆ ಎರಡನೆಯ ಯಂತ್ರದ ಸಾಲದ ಮಾತನ್ನು ಒಂದು ವರುಷವಾದರೂ ಮುಂದಕ್ಕೆ ಹಾಕಬಹುದು.