ಬಾಳೆಹಣ್ಣು ಕೊಟ್ಟ ಕೈ

ಹೋದ ತಿಂಗಳು ವೇಳಚೇರಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಕೋತಿಯೊಂದು ಎರಡನೇ ಮಹಡಿಯ ಹುಡುಗನ ತೋಳಿಗೆ ಕಚ್ಚಿತು. ಅವನ ಕೈಯಲ್ಲಿದ್ದದ್ದು ಚಿಪ್ಸ್ ಪೊಟ್ಟಣ. ಮರುದಿನವೇ ನಿವಾಸಿಗಳ ಸಭೆ. ‘ಹಿಡಿಸಿ ಎಲ್ಲಾದರೂ ಕಾಡಿಗೆ ಬಿಡಿಸೋಣ’ ಎಂದು ಒಮ್ಮತದ ತೀರ್ಮಾನವಾಯಿತು. ನಾನೂ ಕೈ ಎತ್ತಿದೆ. ಇಳಿಸುವಾಗ ನೆನಪಾಯಿತು: ಎರಡು ವರ್ಷದಿಂದ ಪ್ರತಿ ಶನಿವಾರ ಬಾಲ್ಕನಿಯಿಂದ ಬಾಳೆಹಣ್ಣು ಕೊಡುತ್ತಿದ್ದದ್ದು ಇದೇ ಕೈ.

ಈ ಬರಹ ಆ ಕೈಯ ವಿರುದ್ಧ. ನಿಮ್ಮದೂ ಅಂಥದ್ದೇ ಕೈಯಾಗಿದ್ದರೆ ನಿಮ್ಮ ವಿರುದ್ಧವೂ ಹೌದು.

ನಮ್ಮ ಆಫೀಸಿನವರೊಬ್ಬರು ರುವಾಂಡಾಕ್ಕೆ ಹೋಗಿ ಬೆಟ್ಟದ ಗೊರಿಲ್ಲಾಗಳನ್ನು ನೋಡಿಬಂದರು. ಪರವಾನಗಿಗೇ 1,500 ಡಾಲರ್. ಒಂದು ಗೊರಿಲ್ಲಾ ಕುಟುಂಬದ ಬಳಿಗೆ ದಿನಕ್ಕೆ ಎಂಟೇ ಜನ, ಒಂದೇ ಗಂಟೆ. ಮೊದಲು 7 ಮೀಟರ್ ಇದ್ದ ಅಂತರ ಕೋವಿಡ್ ಬಂದ ಮೇಲೆ 10 ಮೀಟರ್ ಆಯಿತು. ನೆಗಡಿ ಇದ್ದವರಿಗೆ ಪ್ರವೇಶವಿಲ್ಲ, ಏಕೆಂದರೆ ನಮ್ಮ ನೆಗಡಿ ಅವಕ್ಕೆ ಪ್ರಾಣಕ್ಕೆ ಬರಬಹುದು. ಗಂಡು ಗೊರಿಲ್ಲಾ ಎದೆ ಬಡಿದುಕೊಂಡು ನುಗ್ಗಿದರೆ ಓಡಬಾರದು, ದಿಟ್ಟಿಸಬಾರದು, ಕುಕ್ಕರಿಸಿ ತಲೆ ತಗ್ಗಿಸಬೇಕು. ಹೆಚ್ಚಿನ ಸಲ ಅದು ಬರೀ ಬೆದರಿಕೆ. ಇಷ್ಟನ್ನೂ ಶ್ರದ್ಧೆಯಿಂದ ಪಾಲಿಸಿದ ಅದೇ ಮನುಷ್ಯ ಊರಿಗೆ ಹೋದಾಗ ನಂದಿಬೆಟ್ಟದಲ್ಲಿ ಕಾರಿನ ಕಿಟಕಿ ಇಳಿಸಿ ಬಿಸ್ಕತ್ತು ಎಸೆಯುತ್ತಾರೆ. ದುಡ್ಡು ಕೊಟ್ಟು ನೋಡಿದ ಪ್ರಾಣಿಗೆ ಮರ್ಯಾದೆ, ಪುಕ್ಕಟೆ ಸಿಕ್ಕಿದ್ದಕ್ಕೆ ಪಾರ್ಲೆ-ಜಿ!

ನಮ್ಮ ಈ ಕೋತಿ, ತಲೆಯ ಮೇಲೆ ಟೋಪಿ ಇಟ್ಟಂತೆ ಕೂದಲಿರುವ ಬಾನೆಟ್ ಮಕಾಕ್, ಸಹಜವಾಗಿ ಬದುಕುವುದು ದಕ್ಷಿಣ ಭಾರತದ ಕಡೆ ಮಾತ್ರ. ಅದೂ ಐಯುಸಿಎನ್‌ನ ಕೆಂಪು ಪಟ್ಟಿಯಲ್ಲಿ ಆತಂಕದ ಸಾಲಿಗೆ ಸೇರಿದೆ.

‘ಹನುಮಂತನಿಗೆ ಕೊಟ್ಟರೆ ಪುಣ್ಯ’ ಎನ್ನುತ್ತಾರೆ. ಪುಣ್ಯ ನಮಗೆ, ಕಡಿತ ಎರಡನೇ ಮಹಡಿಯ ಹುಡುಗನಿಗೆ, ಇದೆಂಥ ಲೆಕ್ಕ? ‘ಕಾಡು ಕಳೆದುಕೊಂಡಿವೆ, ಪಾಪ’ ಎನ್ನುತ್ತಾರೆ. ನಿಜ. 1959ರಲ್ಲಿ ಶುರುವಾದ ಐಐಟಿಯ ಕ್ಯಾಂಪಸ್ಸು ಎದ್ದದ್ದೇ ಗಿಂಡಿ ಕಾಡಿನೊಳಗೆ. ನಾವು ಬ್ಯಾಗು ಹೊತ್ತು ಬರುವ ಮೊದಲೇ ಅವು ಇಲ್ಲಿದ್ದವು. ಆದರೆ ನನ್ನ ಬಾಳೆಹಣ್ಣು ಆ ಕಾಡನ್ನು ವಾಪಸ್ ಕೊಡಲಿಲ್ಲ. ಮನುಷ್ಯನ ಕೈಯಲ್ಲಿರುವುದೆಲ್ಲ ತನ್ನದೇ ಎಂದು ಕಲಿಸಿತು, ಅಷ್ಟೆ. ಕಲಿತ ಪಾಠವನ್ನು ಕೋತಿ ಒಪ್ಪಿಸಿದಾಗ ಅದಕ್ಕೆ ‘ರೌಡಿ’ ಎಂಬ ಬಿರುದು.

ಹಿಡಿಸಿ ಬಿಡಿಸುವುದೂ ಪರಿಹಾರವಲ್ಲ. ಹೆಣ್ಣು ಕೋತಿಗಳು ಹುಟ್ಟಿದ ಗುಂಪಿನಲ್ಲೇ ತಾಯಿ, ಅಕ್ಕತಂಗಿಯರ ಜೊತೆ ಬಾಳುವಂಥವು. ಗುರುತಿಲ್ಲದ ಕಾಡಿನಲ್ಲಿ ಬಿಟ್ಟರೆ ಅವು ಮತ್ತೆ ಹತ್ತಿರದ ಯಾವುದೋ ಊರಿಗೇ ಬರುತ್ತವೆ. ಇಲ್ಲಿ ಕಸದ ತೊಟ್ಟಿ ತೆರೆದೇ ಇದ್ದರೆ ಖಾಲಿಯಾದ ಜಾಗಕ್ಕೆ ಇನ್ನೊಂದು ಗುಂಪು ಬರುತ್ತದೆ.

ಮಾಡಬೇಕಾದದ್ದು ಸರಳ. ತಿನ್ನಲು ಕೊಡಬೇಡಿ. ಪೊಟ್ಟಣ ಕಾಣುವಂತೆ ಹಿಡಿದು ನಡೆಯಬೇಡಿ. ಕಿತ್ತುಕೊಂಡರೆ ಬಿಟ್ಟುಬಿಡಿ, ಜಗ್ಗಾಡಬೇಡಿ. ಕಣ್ಣಲ್ಲಿ ಕಣ್ಣಿಟ್ಟು ನೋಡುವುದು ಅವುಗಳ ಭಾಷೆಯಲ್ಲಿ ಸವಾಲು. ಬೆನ್ನು ತಿರುಗಿಸಿ ಓಡದೆ ನಿಧಾನವಾಗಿ ಹಿಂದೆ ಸರಿಯಿರಿ. ಮರಿಯ ಹತ್ತಿರ ಸುಳಿಯಲೇಬೇಡಿ. ಕಚ್ಚಿದರೆ, ಪರಚಿದರೆ ಹರಿಯುವ ನೀರು, ಸೋಪಿನಿಂದ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್‌ಗೆ ಮದ್ದಿಲ್ಲ.

ಮುಂದಿನ ಸಭೆಯಲ್ಲಿ ನಾನು ಎರಡು ಮಾತು ಹೇಳಲಿದ್ದೇನೆ. ಒಂದು, ಕಸದ ತೊಟ್ಟಿಗೆ ಭದ್ರವಾದ ಮುಚ್ಚಳ. ಎರಡು, ತಿನ್ನಲು ಕೊಟ್ಟವರಿಗೆ ದಂಡ. ಹಳೆಯ ಬಾಕಿಗೆ ಮೊದಲ ರಸೀದಿ ನನ್ನ ಹೆಸರಿಗೇ ಹರಿಯಲಿ. ಆ ಹುಡುಗನ ಅಮ್ಮನಿಗೆ ಮಾತ್ರ ಇನ್ನೂ ವಿಷಯ ಹೇಳಿಲ್ಲ. ಅದನ್ನು ಸಭೆಗಿಂತ ಮೊದಲೇ ಹೇಳಬೇಕು.