ತೆಂಗಿನ ಸೀಮೆಯ ಚಿರತೆಯೂ ವೇಗದ ಬಂದೂಕಿನ ಭ್ರಮೆಯೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ತೋಟಗಳಲ್ಲಿ ಚಿರತೆ ಕಾಣಿಸಿಕೊಂಡ ಸುದ್ದಿ ಬಂದಾಗಲೆಲ್ಲ ಅದರ ಬೆನ್ನಿಗೇ ಒಂದು ವಾದವೂ ಬರುತ್ತದೆ. ತೋಟದ ಮನೆಯ ರೈತನಿಗೆ ಹಳೆಯ ನಾಡಕೋವಿ ಸಾಲದು. ಟ್ರಿಗರ್ ಒತ್ತಿದಷ್ಟು ಸಲವೂ ಗುಂಡು ಹಾರಿಸಿ, ಮುಂದಿನ ತೋಟಾವನ್ನು ತಾನೇ ತುಂಬಿಕೊಳ್ಳುವ ಅರೆಸ್ವಯಂಚಾಲಿತ ರೈಫಲ್ ಬೇಕು. ಅದೊಂದಿದ್ದರೆ ಚಿರತೆಯಾಗಲಿ ಕರಡಿಯಾಗಲಿ ಊರ ಹತ್ತಿರ ಸುಳಿಯದು ಎಂಬುದು ಆ ವಾದ. ಇದನ್ನು ಮಂಡಿಸುವವರಲ್ಲಿ ಓದಿಕೊಂಡವರೂ ಇದ್ದಾರೆ. ಅವರು ಸಾಕ್ಷಿಗೆ ಕರೆಯುವುದು ಬೇಟೆ ಸಾಹಿತ್ಯವನ್ನು: ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ ಮತ್ತು ಜಿಮ್ ಕಾರ್ಬೆಟ್‌ರ ಕಥನಗಳನ್ನು. ಆದರೆ ಆ ಸಾಕ್ಷಿಗಳು ನುಡಿಯುವುದು ಕರೆದವರಿಗೆ ವಿರುದ್ಧವಾಗಿ.

ಮೊದಲು ಎದುರುವಾದಿಯ ಬಲವನ್ನು ಒಪ್ಪಿಕೊಳ್ಳಬೇಕು. ಭಯ ಸುಳ್ಳಲ್ಲ. 2019ರ ಕೊನೆ ಹಾಗೂ 2020ರ ಆರಂಭದ ತಿಂಗಳುಗಳಲ್ಲಿ ಇದೇ ತುಮಕೂರು ಜಿಲ್ಲೆಯಲ್ಲಿ, ಪಕ್ಕದ ಗುಬ್ಬಿ ತಾಲ್ಲೂಕಿನ ಆಸುಪಾಸಿನಲ್ಲಿ, ಚಿರತೆಯ ದಾಳಿಗೆ ಜನ ಬಲಿಯಾದರು. ಸತ್ತವರಲ್ಲಿ ಎಳೆಯ ಮಕ್ಕಳಿದ್ದರು. ಕಂಡಲ್ಲಿ ಗುಂಡಿಕ್ಕಿ ಎಂದು ಆ ಊರುಗಳು ಒತ್ತಾಯಿಸಿದ್ದನ್ನು ಪಟ್ಟಣದಲ್ಲಿ ಕುಳಿತು ಹಳಿಯುವ ಹಕ್ಕು ಯಾರಿಗೂ ಇಲ್ಲ. ಯಂತ್ರದ ವಿಚಾರದಲ್ಲಿಯೂ ಆ ವಾದಕ್ಕೆ ಹುರುಳಿದೆ. ಬೋಲ್ಟ್ ರೈಫಲ್ಲಿನಲ್ಲಿ ಒಂದು ಈಡಿನ ಬಳಿಕ ಕೈಯನ್ನು ಟ್ರಿಗರ್‌ನಿಂದ ತೆಗೆದು ಬೋಲ್ಟನ್ನು ಎಳೆದು ತಳ್ಳಬೇಕು. ಎರಗಿ ಬರುವ ಪ್ರಾಣಿ ಅಷ್ಟು ಹೊತ್ತು ಕೊಡದಿರಬಹುದು. ಅರೆಸ್ವಯಂಚಾಲಿತ ರೈಫಲ್ಲಿನಲ್ಲಿ ಕಣ್ಣು ಗುರಿಯ ಮೇಲೆಯೇ ಇರುತ್ತದೆ. ಯುರೋಪಿನಲ್ಲಿ ಕಾಡುಹಂದಿಗಳನ್ನು ಸೋವಿ ಬೇಟೆಯಾಡುವವರಲ್ಲಿ ಹಲವರು ಇಂದು ಅಂಥ ರೈಫಲ್ಲನ್ನೇ ಬಳಸುತ್ತಾರೆ. ಇಷ್ಟೂ ನಿಜ.

ಆದರೆ ಈ ಯಂತ್ರ ಹೊಸದೇನೂ ಅಲ್ಲ. ವಿಂಚೆಸ್ಟರ್ ಕಂಪನಿಯ ಸ್ವಯಂಭರ್ತಿ ರೈಫಲ್ 1907ರಲ್ಲಿಯೇ ಬಂದಿತ್ತು. ಜಾನ್ ಬ್ರೌನಿಂಗ್ ರೂಪಿಸಿದ ರೆಮಿಂಗ್ಟನ್ ರೈಫಲ್ಲೂ ಅದೇ ಕಾಲದ್ದು. ಕಾರ್ಬೆಟ್ ಚಂಪಾವತದ ಹುಲಿಯನ್ನು ಕೊಂದದ್ದೂ 1907ರಲ್ಲಿಯೇ. ಅಂದರೆ ಕಾರ್ಬೆಟ್‌ರ ಹೆಸರಾಂತ ಬೇಟೆಗಳ ಕಾಲಕ್ಕೂ, ಆಮೇಲೆ ಬಂದ ಆಂಡರ್ಸನ್‌ರ ಕಾಲಕ್ಕೂ ಇಂಥ ರೈಫಲ್ ಲೋಕದಲ್ಲಿತ್ತು. ಆದರೂ ಕಾರ್ಬೆಟ್‌ರ ಕೈಯಲ್ಲಿದ್ದದ್ದು .275 ರಿಗ್ಬಿ ಬೋಲ್ಟ್ ರೈಫಲ್ ಮತ್ತು ಜೋಡುನಳಿಗೆಯ .450/400, ಆಂಡರ್ಸನ್‌ರ ಕೈಯಲ್ಲಿದ್ದದ್ದು 1895ರ ಮಾದರಿಯ.405 ವಿಂಚೆಸ್ಟರ್, ಪ್ರತಿ ಈಡಿಗೂ ಲಿವರ್ ಇಳಿಸಿ ಏರಿಸಬೇಕಾದ ರೈಫಲ್. ಅಂದಿನ ಸ್ವಯಂಭರ್ತಿ ರೈಫಲ್ಲುಗಳ ತೋಟಾಗಳು ಇವುಗಳಷ್ಟು ಬಲವಾದವಲ್ಲ. ಇನ್ನೊಂದು ಕಾರಣ ಇಂದಿಗೂ ಉಳಿದಿದೆ. ತನ್ನ ಈಡಿನ ಅನಿಲದಿಂದಲೋ ಒದೆತದಿಂದಲೋ ನಡೆಯುವ ಯಂತ್ರಕ್ಕೆ ತೋಟಾ ಸರಿಯಾಗಿರಬೇಕು, ಒಳಗೆ ದೂಳು ಕಸರು ಕಟ್ಟಿರಬಾರದು. ಒಂದು ತೋಟಾ ಸಿಡಿಯದಿದ್ದರೆ ಯಂತ್ರ ಅಲ್ಲಿಗೇ ನಿಲ್ಲುತ್ತದೆ. ಮತ್ತೆ ಕೈಯೇ ಬೇಕು. ಜೋಡುನಳಿಗೆಯಲ್ಲಾದರೆ ಎರಡನೆಯ ನಳಿಗೆಗೆ ಎರಡನೆಯ ಟ್ರಿಗರ್ ಇರುತ್ತದೆ. ಅಪಾಯದ ಪ್ರಾಣಿಯ ಎದುರು ನಿಲ್ಲುವ ವೃತ್ತಿಪರರು ಇಂದಿಗೂ ಹೆಚ್ಚಾಗಿ ನೆಚ್ಚುವುದು ಜೋಡುನಳಿಗೆಯನ್ನು ಇಲ್ಲವೇ ಬೋಲ್ಟನ್ನು. ಅದು ಹಳೆಯದರ ಮೇಲಿನ ಮೋಹವಲ್ಲ, ಲೆಕ್ಕಾಚಾರ.

ಇನ್ನು ಬಂದೂಕುಗಳ ಸಂಖ್ಯೆ ಹೆಚ್ಚಿದರೆ ಭಯ ತಗ್ಗುತ್ತದೆ ಎಂಬ ಮಾತು. ತೇಜಸ್ವಿಯವರ ‘ರುದ್ರಪ್ರಯಾಗದ ಭಯಾನಕ ನರಭಕ್ಷಕ’ವನ್ನು ಓದಿದವರು ಈ ಮಾತನ್ನು ಹೇಗೆ ಆಡುತ್ತಾರೋ ತಿಳಿಯದು. 1918ರಿಂದ 1926ರವರೆಗೆ ಆ ಚಿರತೆ ಸರ್ಕಾರದ ಲೆಕ್ಕದಂತೆಯೇ 125 ಜನರನ್ನು ಕೊಂದಿತು. ಆಗ ಗಢವಾಲದಲ್ಲಿ ಸುಮಾರು 4,000 ಬಂದೂಕು ಪರವಾನಗಿಗಳಿದ್ದವು. ಈ ಚಿರತೆಗಾಗಿಯೇ ಇನ್ನೂ 300ರಷ್ಟು ವಿಶೇಷ ಪರವಾನಗಿಗಳನ್ನು ಕೊಡಲಾಯಿತು ಎಂದು ಕಾರ್ಬೆಟ್ ಬರೆದಿದ್ದಾರೆ. ಇಷ್ಟು ಬಂದೂಕುಗಳ ನಡುವೆ ಚಿರತೆ ಎಂಟು ವರ್ಷ ಓಡಾಡಿತು. ಕೊನೆಗೆ ಅದು ಸತ್ತದ್ದು ಮಾವಿನ ಮರವೊಂದರ ಮೇಲೆ ರಾತ್ರಿಯ ಮೇಲೆ ರಾತ್ರಿ ಕುಳಿತ ಒಬ್ಬ ಮನುಷ್ಯನ ಒಂದು ಗುಂಡಿಗೆ. ಅಲ್ಲಿ ಕೊರತೆಯಿದ್ದದ್ದು ಬಂದೂಕಿಗಲ್ಲ. ಇಂಥದೇ ಪ್ರಾಣಿ, ಇಂಥದೇ ದಾರಿ, ಇಂಥದೇ ಹೊತ್ತು ಎಂದು ಗುರುತಿಸುವ ತಿಳಿವಿಗೆ, ಕಾಯುವ ತಾಳ್ಮೆಗೆ.

ಇದಕ್ಕಿಂತ ಹತ್ತಿರದ ಸಾಕ್ಷಿ ಆಂಡರ್ಸನ್. 1954ರಲ್ಲಿ ಪ್ರಕಟವಾದ ಅವರ ಮೊದಲ ಪುಸ್ತಕದಲ್ಲಿಯೇ ತುಮಕೂರಿನ ದೇವರಾಯನದುರ್ಗದ ಹುಲಿಯ ಕಥೆಯಿದೆ. ಹುಳಿಯಾರನ್ನು ದಾಟಿದರೆ ಸಿಗುವ ಹೊಸದುರ್ಗ, ಅದರಾಚೆಯ ಹೊಳಲ್ಕೆರೆ ಸೀಮೆಯ ನರಭಕ್ಷಕನ ಕಥೆಯೂ ಇದೆ. ಚಿಕ್ಕನಾಯಕನಹಳ್ಳಿಯ ಗುಡ್ಡಸಾಲು ಈ ಎರಡರ ನಡುವಣ ನೆಲ. ಅದೇ ಪುಸ್ತಕದಲ್ಲಿ, ಬೆಂಗಳೂರಿನ ಸೆರಗಿನ ಜಾಲಹಳ್ಳಿಯಲ್ಲಿ ಹಲವರ ಮೇಲೆ ಎರಗಿದ ಚಿರತೆಯ ವೃತ್ತಾಂತವೂ ಇದೆ. ‘ಜಾಲಹಳ್ಳಿಯ ಕುರ್ಕ’ ಎಂಬ ಹೆಸರಿನಿಂದ ಕನ್ನಡ ಓದುಗರಿಗೆ ಅದು ಪರಿಚಿತ. ಆ ಚಿರತೆ ನರಭಕ್ಷಕನಲ್ಲ. ಗಾಯಗೊಂಡು, ಗುಂಪಿನ ಕಾಟಕ್ಕೆ ಸಿಕ್ಕಿ ಕೆರಳಿದ ಪ್ರಾಣಿ. ಆಂಡರ್ಸನ್ ಮತ್ತು ಕಾರ್ಬೆಟ್ ಇಬ್ಬರ ಬರಹದಲ್ಲಿಯೂ ನರಭಕ್ಷಕ ಹುಟ್ಟುವ ಕಾರಣಗಳಲ್ಲಿ ಹಿಂದೆ ಯಾರೋ ಹಾರಿಸಿದ ಗುರಿತಪ್ಪಿದ ಗುಂಡು ಮತ್ತೆ ಮತ್ತೆ ಬರುತ್ತದೆ. ಈ ಕಥನಗಳನ್ನು ಬಂದೂಕಿನ ಪ್ರತಾಪವೆಂದು ಓದುವವರು ಕಥೆಯ ಕೊನೆಯ ಪುಟವನ್ನಷ್ಟೇ ಓದುತ್ತಾರೆ. ಕಥೆ ಏಕೆ ಆರಂಭವಾಯಿತು ಎಂಬ ಮೊದಲ ಪುಟವನ್ನು ಬಿಟ್ಟುಬಿಡುತ್ತಾರೆ. ಸಾಹಿತ್ಯದ ವಿದ್ಯಾರ್ಥಿಗೆ ಇದು ಕ್ಷಮಿಸಲಾಗದ ಓದು.

ಈಗ ಅದೇ ರೈಫಲ್ಲನ್ನು ತೆಂಗಿನ ತೋಟದೊಳಗಿಟ್ಟು ನೋಡಬೇಕು. ಇದು ಬಯಲು ಕಾಡಲ್ಲ. ತೋಟಕ್ಕೆ ತೋಟ ಅಂಟಿಕೊಂಡಿದೆ, ತೋಟದ ನಡುವೆ ಮನೆ, ಮನೆಯ ಪಕ್ಕ ಕೊಬ್ಬರಿ ಅಟ್ಟ, ಬದುವಿನಾಚೆ ಇನ್ನೊಬ್ಬರ ಮನೆ. ಭಾರಿ ರೈಫಲ್ಲಿನ ಗುಂಡು ಗುರಿ ತಪ್ಪಿದರೆ ಕಿಲೋಮೀಟರುಗಟ್ಟಲೆ ಹೋಗಬಲ್ಲದು. ಚಿರತೆ ಕಂಡಿತೆಂದರೆ ಅರೆಗಳಿಗೆಯಲ್ಲಿ ಊರಿಗೆ ಊರೇ ಸುತ್ತುಗಟ್ಟುತ್ತದೆ. ಆ ಗುಂಪಿನ ನಡುವೆ, ನಡುಗುವ ಕೈಯಲ್ಲಿ, ಒತ್ತಿದಷ್ಟೂ ಹಾರುವ ರೈಫಲ್ಲಿದ್ದರೆ ಮೊದಲು ಬೀಳುವುದು ಚಿರತೆಯೇ ಎಂದು ಭರವಸೆ ಕೊಡಬಲ್ಲವರು ಯಾರು? ಐದು ಗುಂಡು ಬೇಗನೆ ಹಾರಿದರೆ ಐದು ಸಲ ಗುರಿ ಮುಟ್ಟಿದಂತಲ್ಲ. ಕಾಲಿಗೆ ಗುಂಡು ತಗುಲಿದ ಚಿರತೆ ಲಂಟಾನದ ಮೆಳೆ ಸೇರಿದರೆ, ಮರುದಿನ ಆ ಮೆಳೆಯ ಪಕ್ಕದಲ್ಲಿ ಹುಲ್ಲು ಕೊಯ್ಯಲು ಹೋಗುವವಳ ಕೈಯಲ್ಲಿ ಕುಡುಗೋಲು ಮಾತ್ರ ಇರುತ್ತದೆ. ದಾಳಿಗೆ ಸಿಕ್ಕುವವರು ಯಾರೆಂಬುದನ್ನೂ ನೆನೆಯಬೇಕು: ಮುಸ್ಸಂಜೆಯಲ್ಲಿ ಅಂಗಳದಲ್ಲಿ ಆಡುವ ಮಗು, ದನ ಹೊಡೆದುಕೊಂಡು ಬರುವ ಮುದುಕ, ಬಯಲಿಗೆ ಹೋದ ಹೆಂಗಸು. ಮನೆಯ ಮೂಲೆಯ ರೈಫಲ್ ಎಷ್ಟೇ ವೇಗದ್ದಾದರೂ ಇವರನ್ನು ಉಳಿಸಲು ಹೊತ್ತಿಗೆ ಬರುವುದಿಲ್ಲ.

ಕಾನೂನು ರೈತನ ಕೈ ಕಟ್ಟಿದೆ ಎಂಬ ದೂರೂ ಪೂರ್ತಿ ಸರಿಯಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳು ಅರೆಸ್ವಯಂಚಾಲಿತ ರೈಫಲ್ಲುಗಳನ್ನು ನಿರ್ಬಂಧಿತ ವರ್ಗದಲ್ಲಿ ಇರಿಸಿವೆ, ನಿಜ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 11ನೆಯ ಕಲಮು, ಮನುಷ್ಯನ ಜೀವಕ್ಕೆ ಅಪಾಯಕಾರಿಯಾದ ಪ್ರಾಣಿಯನ್ನು ಹಿಡಿಯಲು, ಹಿಡಿಯಲಾಗದಿದ್ದರೆ ಕೊಲ್ಲಲು, ಮುಖ್ಯ ವನ್ಯಜೀವಿ ಪರಿಪಾಲಕರು ಕಾರಣ ಬರೆದು ಅನುಮತಿ ಕೊಡಲು ಅವಕಾಶವಿತ್ತಿದೆ. ತನ್ನನ್ನೋ ಇನ್ನೊಬ್ಬರನ್ನೋ ಉಳಿಸಲು ಸದ್ಭಾವದಿಂದ ಪ್ರಾಣಿಯನ್ನು ಕೊಂದರೆ ಅದು ಅಪರಾಧವಲ್ಲ ಎಂದೂ ಅದೇ ಕಲಮು ಹೇಳುತ್ತದೆ. ಪ್ರಾಣರಕ್ಷಣೆಯ ಹಕ್ಕನ್ನು ಕಾನೂನು ಕಸಿದಿಲ್ಲ. ಅದು ತಡೆದಿರುವುದು ಪ್ರಾಣರಕ್ಷಣೆಯ ಹೆಸರಿನ ಬೇಟೆಯನ್ನು.

ಈ ಭೇದ ಕನ್ನಡದ ಓದುಗನಿಗೆ ಹೊಸದಲ್ಲ. ಜೈನಶಾಸ್ತ್ರ ಬೇಟೆಯನ್ನು ಸಪ್ತವ್ಯಸನಗಳಲ್ಲಿ ಎಣಿಸಿದೆ. ಅದೇ ಶಾಸ್ತ್ರ ಕೊಲ್ಲಲೆಂದೇ ಕೊಲ್ಲುವ ಸಂಕಲ್ಪೀ ಹಿಂಸೆಯನ್ನು, ಎರಗಿದವನನ್ನು ತಡೆಯುವಾಗ ಗೃಹಸ್ಥನಿಂದ ಆಗುವ ವಿರೋಧೀ ಹಿಂಸೆಯಿಂದ ಬೇರ್ಪಡಿಸಿದೆ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಮಾತ್ರಕ್ಕೆ ಭವಭವಗಳಲ್ಲಿ ತೊಳಲಿದವರ ಕಥೆಯನ್ನು ಜನ್ನ 1209ರಲ್ಲಿ ‘ಯಶೋಧರ ಚರಿತೆ’ಯಾಗಿ ಬರೆದ. ಅದೇ ಪರಂಪರೆಯೇ ಇನ್ನೊಂದು ಕಥೆಯನ್ನೂ ಕಾಯ್ದುಕೊಂಡಿದೆ: ಹುಲಿ ಎರಗಿ ಬಂದಾಗ ಸುದತ್ತಮುನಿ ‘ಹೊಯ್ ಸಳ’ ಎಂದ, ಸಳ ಹೊಡೆದ ಎಂಬ ಐತಿಹ್ಯ. ತುರುವೇಕೆರೆಯಲ್ಲಿ, ತಿಪಟೂರಿನ ಬಳಿಯ ಅರಳಗುಪ್ಪೆಯಲ್ಲಿ ಇಂದಿಗೂ ನಿಂತಿರುವ ಗುಡಿಗಳು ಆ ಹೆಸರಿನ ವಂಶದ ಕಾಲದವು. ಆ ಐತಿಹ್ಯದಲ್ಲಿ ಅಪ್ಪಣೆ ಕೊಟ್ಟವನು ಬೇಟೆಯ ಮೋಹವಿಲ್ಲದ ಮುನಿ. ಹುಲಿ ಎದುರಿಗೇ ಬಂದ ಒಂದೇ ಹುಲಿ. ಕಾಯ್ದೆಯ 11ನೆಯ ಕಲಮು ಕೇಳುವುದೂ ಇದನ್ನೇ: ಹೊಣೆಯುಳ್ಳವನ ಅಪ್ಪಣೆ, ಗುರುತಿಸಿದ ಒಂದು ಪ್ರಾಣಿ, ಬೇರೆ ದಾರಿಯಿಲ್ಲದ ಹೊತ್ತು.

ಹಾಗಾದರೆ ರೈತ ಸುಮ್ಮನಿರಬೇಕೇ? ಖಂಡಿತ ಬೇಡ. ಅವನು ಬೇಡಿಕೆಯನ್ನು ಬದಲಿಸಬೇಕು. ಪಾಳುಬಿದ್ದ ತೋಟಗಳ ಮತ್ತು ಕೆರೆಯಂಗಳಗಳ ಮೆಳೆ ಸವರಿಸಿ ಎಂದು ಪಂಚಾಯಿತಿಯನ್ನು ಕೇಳಬೇಕು. ಕೋಳಿ ಅಂಗಡಿಯ ಕಸ ಊರ ಹೊರಗೆ ಬಿದ್ದರೆ ನಾಯಿ ಬರುತ್ತದೆ, ನಾಯಿಯ ಹಿಂದೆ ಚಿರತೆ ಬರುತ್ತದೆ; ಆ ಕಸವನ್ನು ತಡೆಯಬೇಕು. ಕೊಟ್ಟಿಗೆಗೆ ಗಟ್ಟಿ ಬಾಗಿಲು, ಮನೆಗೆ ಶೌಚಾಲಯ, ಅಂಗಳಕ್ಕೆ ದೀಪ ಬೇಕು. ದಾಳಿಯಾದ ರಾತ್ರಿಯೇ ಬರುವ ತರಬೇತಾದ ಅರಣ್ಯ ಸಿಬ್ಬಂದಿ ಬೇಕು, ತಡವಿಲ್ಲದ ಪರಿಹಾರ ಬೇಕು. ಹಿಡಿದ ಚಿರತೆಯನ್ನು ಎಲ್ಲೋ ದೂರ ಬಿಟ್ಟು ಕೈತೊಳೆದುಕೊಳ್ಳುವ ಇಲಾಖೆಯ ರೂಢಿಯನ್ನೂ ಪ್ರಶ್ನಿಸಬೇಕು. ಮಹಾರಾಷ್ಟ್ರದ ಜುನ್ನರ್‌ನಲ್ಲಿ ಹಾಗೆ ಸಾಗಿಸಿದ ಬಳಿಕ ಮನುಷ್ಯರ ಮೇಲಿನ ದಾಳಿ ಹೆಚ್ಚಿತೆಂದು ವಿದ್ಯಾ ಆತ್ರೇಯ ಮತ್ತು ಸಂಗಡಿಗರ ಅಧ್ಯಯನ ತೋರಿಸಿದೆ. ನಿಜವಾದ ನರಭಕ್ಷಕ ಹುಟ್ಟಿದರೆ ಅದನ್ನು ಗುರುತಿಸಿ, ಅಪ್ಪಣೆ ಪಡೆದು, ಬಲ್ಲವನೊಬ್ಬ ಒಂದು ಗುಂಡಿನಲ್ಲಿ ಮುಗಿಸಲಿ. ಆ ಕೆಲಸಕ್ಕೆ ಬೋಲ್ಟ್ ರೈಫಲ್ ಸಾಕು.

ಇವೆಲ್ಲ ಬಂದೂಕಿನಷ್ಟು ರೋಚಕವಾದ ಬೇಡಿಕೆಗಳಲ್ಲ. ಆಳುವವರಿಗೆ ವೇಗದ ರೈಫಲ್ಲಿನ ಮಾತು ಹಿತವಾಗಿ ಕೇಳುವುದೂ ಅದಕ್ಕಾಗಿಯೇ: ಪರವಾನಗಿಯ ಚರ್ಚೆ ನಡೆಯುವಷ್ಟು ಕಾಲ ಮೆಳೆ, ಕಸ, ಕತ್ತಲೆ, ಪರಿಹಾರಗಳ ಲೆಕ್ಕವನ್ನು ಯಾರೂ ಕೇಳುವುದಿಲ್ಲ. ಗುಬ್ಬಿಯ ಆ ಮಕ್ಕಳು ಸತ್ತದ್ದು ಊರಿನಲ್ಲಿ ರೈಫಲ್ ಇಲ್ಲದ್ದರಿಂದ ಎಂದು ನಂಬಿಸುವುದು, ಉತ್ತರ ಹೇಳಬೇಕಾದವರನ್ನೆಲ್ಲ ಹೊಣೆಯಿಂದ ಬಿಡಿಸಿ ಕಳುಹಿಸಿದಂತೆ.