ಪ್ಲಂಬರ್ ಕೆಲಸ ಕೆಡಿಸಿದರೆ ನಷ್ಟ ಕೇಳುವುದು ತಪ್ಪೇ?



ಕೊಳೆರೋಗ, ಕಾಂಡಕೊರಕ, ಧಾರಣೆಯ ಏರಿಳಿತ ಇವುಗಳಿಗೇ ಜಾಗ ಸಾಲದ ನಮ್ಮ ಪತ್ರಿಕೆಯಲ್ಲಿ ಮನೆಯ ನಲ್ಲಿ ಪೈಪಿನ ವಿಚಾರವೇಕೆ ಎಂದು ಕೆಲವರು ಕೇಳಬಹುದು. ನಾನೂ ಮೊದಲು ಹಾಗೆಯೇ ಅಂದುಕೊಂಡಿದ್ದೆ. ಆದರೆ ಇತ್ತೀಚೆಗೆ ನಮ್ಮಲ್ಲಿ ಬಹುಮಂದಿ ಹಳೆಯ ಮನೆಗೆ ಹೊಸ ಬಚ್ಚಲು ಕಟ್ಟಿಸುತ್ತಿದ್ದಾರೆ, ಮಾಡಿನ ಮೇಲೆ ಸೋಲಾರ್ ಹಾಕಿಸುತ್ತಿದ್ದಾರೆ, ತೋಟಕ್ಕೆ ಸ್ಪ್ರಿಂಕ್ಲರ್ ಲೈನು ಎಳೆಸುತ್ತಿದ್ದಾರೆ. ಕೆಲಸ ಕೆಟ್ಟರೆ ನಾವು ಮಾಡುವುದು ಒಂದೇ: ನಾಲ್ಕು ದಿನ ಬೈದು, ಇನ್ನೊಬ್ಬನನ್ನು ಕರೆಸಿ, ಎರಡನೆಯ ಸಲ ದುಡ್ಡು ಕೊಟ್ಟು ಸುಮ್ಮನಾಗುವುದು. ಇದು ಸರಿಯಲ್ಲ ಎಂಬುದು ಈಚೆಗೆ ನನಗೆ ಮನದಟ್ಟಾಗಿದೆ. ಮನದಟ್ಟಾದದ್ದು ನಮ್ಮೂರಿನಲ್ಲಲ್ಲ, ಕೋಲಾರದ ವೇಮಗಲ್‌ನಲ್ಲಿ.

ನನ್ನ ಅಕ್ಕನನ್ನು ಕೊಟ್ಟಿರುವುದು ವೇಮಗಲ್‌ಗೆ. ಭಾವ ನಮ್ಮ ಕೊಪ್ಪದ ಕಡೆ ಶಾಲಾ ಮಾಸ್ತರರಾಗಿದ್ದಾಗ ಕೂಡಿಬಂದ ಸಂಬಂಧ. ನಿವೃತ್ತರಾದ ಮೇಲೆ ಅವರು ತಮ್ಮ ಊರಿಗೇ ಹೋಗಿ ನೆಲೆಸಿದರು. ಅಲ್ಲಿನ ನೀರಿನ ಪಾಡು ನಮ್ಮವರಿಗೆ ಹೇಳಿದರೆ ಅರ್ಥವಾಗುವುದು ಕಷ್ಟ. ಗುಡ್ಡದ ನೀರನ್ನು ಅಡಿಕೆ ದಬ್ಬೆಯಲ್ಲಿ ಅಂಗಳಕ್ಕೆ ಇಳಿಸಿಕೊಂಡು ಬೆಳೆದವರು ನಾವು. ಒಂದು ಕಡೆ ಸೋರಿದರೆ ಬಾಳೆಬುಡಕ್ಕೆ ಹೋಯಿತು ಬಿಡು ಎನ್ನುತ್ತೇವೆ. ಕೋಲಾರ ಜಿಲ್ಲೆಯಲ್ಲಿ ವರ್ಷಪೂರ್ತಿ ಹರಿಯುವ ನದಿಯಿಲ್ಲ. ಕೆರೆಗಳನ್ನು ನಂಬಿದ್ದ ಸೀಮೆ, ಕೆರೆಗಳು ಬತ್ತಿದ ಮೇಲೆ ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳನ್ನು ನಂಬಿತು. 2018ರಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು ಅಲ್ಲಿನ ಕೆರೆಗಳಿಗೆ ಬರತೊಡಗಿದ ಮೇಲೆ ಒಂದಿಷ್ಟು ಹಸಿರು ಕಾಣುತ್ತದೆಯಾದರೂ, ಮನೆಯ ಸಂಪು ತುಂಬಿಸಲು ಟ್ಯಾಂಕರಿನವನಿಗೆ ಫೋನು ಮಾಡುವುದು ಅಕ್ಕನಿಗೆ ತಪ್ಪಿಲ್ಲ. ಅಲ್ಲಿ ಪೈಪು ಸೋರಿದರೆ ಹೋಗುವುದು ದುಡ್ಡು ಕೊಟ್ಟು ತಂದ ನೀರು.

2023ರ ಬೇಸಿಗೆಯಲ್ಲಿ ಭಾವ ಮನೆಯನ್ನು ಸ್ವಲ್ಪ ವಿಸ್ತರಿಸಿ, ಒಂದು ಬಚ್ಚಲು ಕಟ್ಟಿಸಿ, ಸೋಲಾರ್ ನೀರೊಲೆ ಹಾಕಿಸಿದರು. ಪೈಪಿನ ಕೆಲಸವನ್ನು ಹತ್ತಿರದ ಊರಿನ ಒಬ್ಬ ಪ್ಲಂಬರಿಗೆ, ಸಾಮಾನು ಸಮೇತ ಗುತ್ತಿಗೆ ಕೊಟ್ಟರು. ಆತ ಒಂದು ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಅಂದಾಜು ಬರೆದುಕೊಟ್ಟಿದ್ದ. ಅದರಲ್ಲಿ ‘ಬಿಸಿನೀರು ಲೈನು – ಸಿಪಿವಿಸಿ’ ಎಂದು ಒಂದು ಸಾಲು ಇತ್ತು. ಭಾವ ಮಾಸ್ತರರಾಗಿದ್ದವರು, ಯಾವ ಕಾಗದವನ್ನೂ ಎಸೆಯುವವರಲ್ಲ. ಆ ಹಾಳೆಯೇ ಮುಂದೆ ಮನೆ ಕಾಯಿತು. ಕೆಲಸ ಮುಗಿದ ದಿನವೇ, ಪೂಜೆಯ ಗಡಿಬಿಡಿಯಲ್ಲಿ, ಪೂರ್ತಿ ಹಣ ಎಣಿಸಿ ಕೊಟ್ಟದ್ದು ಮಾತ್ರ ಅವರ ತಪ್ಪು.

ದೀಪಾವಳಿಯ ಹೊತ್ತಿಗೆ ಬಚ್ಚಲಿನ ಪಕ್ಕದ ಉಗ್ರಾಣದ ಗೋಡೆ ಅಂಗೈಯಗಲ ಒದ್ದೆಯಾಯಿತು. ಮಳೆಯ ತೇವ ಎಂದುಕೊಂಡರು. ಅಲ್ಲಿ ಗೋಡೆಗೆ ಒರಗಿಸಿ ಎರಡು ಮೂಟೆ ರಾಗಿ ಇಟ್ಟಿತ್ತು. ಒಂದು ಸಂಜೆ ಅಕ್ಕ ಆ ಗೋಡೆಯ ಸ್ವಿಚ್ಚು ಮುಟ್ಟಿದಾಗ ಕೈ ಜುಮ್ಮೆಂದಿತು. ಆಗಲೇ ಎಲ್ಲರೂ ಎಚ್ಚರಗೊಂಡದ್ದು. ನನಗೆ ಫೋನು ಬಂತು. ನಾನು ಹೇಳಿದ್ದೇನು ಗೊತ್ತೇ? “ಹೋಗಲಿ ಬಿಡಕ್ಕ, ಬೇರೆಯವನ ಹತ್ತಿರ ಮಾಡಿಸು, ಅವನ ಹತ್ತಿರ ಜಗಳ ಯಾಕೆ?” ಈ ಮಾತನ್ನು ನೆನೆದರೆ ನನಗೆ ಈಗಲೂ ಕಸಿವಿಸಿ. ಗೋಡೆಯಲ್ಲಿ ಕರೆಂಟು ಹರಿದ ಮೇಲೂ ಜಗಳ ಬೇಡ ಎನ್ನುವುದು ಔದಾರ್ಯವಲ್ಲ, ಸೋಮಾರಿತನ.

ಭಾವ ನನ್ನ ಮಾತು ಕೇಳಲಿಲ್ಲ. ಮೊದಲು ಕಾಗದ ಬರೆದರು, ಸ್ಪೀಡ್ ಪೋಸ್ಟಿನಲ್ಲಿ. ಹೀಗೆ ಸೋರುತ್ತಿದೆ, ಹದಿನೈದು ದಿನದೊಳಗೆ ಬಂದು ನೋಡಿ ಸರಿಪಡಿಸಬೇಕು ಎಂದು ಇಷ್ಟೇ. ಆತ ಬಂದ ದಿನ ನಾನೂ ಅಲ್ಲಿದ್ದೆ. ಅವನ ಎದುರಿನಲ್ಲಿಯೇ ಟೈಲ್ಸು ತೆಗೆಸಿ ಗೋಡೆ ಬಿಡಿಸಲಾಯಿತು. ಭಾವನ ಮೊಮ್ಮಗ ಪ್ರತಿ ಹಂತಕ್ಕೂ ಫೋಟೋ ತೆಗೆದ. ಒಳಗೆ ಸಿಕ್ಕಿದ್ದು ತಣ್ಣೀರಿಗೆ ಹಾಕುವ ಬಿಳಿ ಪಿವಿಸಿ ಪೈಪು. ಬಿಸಿನೀರಿಗೆ ಮೃದುವಾಗಿ, ಬಾಗಿ, ಬೆಂಡಿನ ಹತ್ತಿರ ಜಾಯಿಂಟು ಬಿಟ್ಟುಕೊಂಡಿತ್ತು.

ಇಲ್ಲಿ ಸ್ವಲ್ಪ ಪೈಪಿನ ವಿಚಾರ ಹೇಳುತ್ತೇನೆ. ನಮ್ಮಲ್ಲೂ ಈ ತಪ್ಪು ನಡೆಯುತ್ತಿದೆ. ಬಿಳಿ ಪಿವಿಸಿ ಪೈಪಿನ ಭಾರತೀಯ ಮಾನಕ ಐ.ಎಸ್. 4985, ಅದು 45 ಡಿಗ್ರಿ ಶಾಖದವರೆಗಿನ ನೀರಿಗೆ ಮಾತ್ರ. ಸೋಲಾರ್ ನೀರು ಬಿಸಿಲಿನ ದಿನಗಳಲ್ಲಿ 60 ಡಿಗ್ರಿಯನ್ನು ಸುಲಭವಾಗಿ ಮುಟ್ಟುತ್ತದೆ. ಅದಕ್ಕೆ ಬೇಕಾದದ್ದು ಕೆನೆ ಬಣ್ಣದ ಸಿಪಿವಿಸಿ ಪೈಪು, ಮಾನಕ ಐ.ಎಸ್. 15778. ಎರಡಕ್ಕೂ ಅಂಟು ಬೇರೆ ಬೇರೆ. ಪೈಪಿನ ಮೈಮೇಲೆಯೇ ಈ ಸಂಖ್ಯೆ ಅಚ್ಚಾಗಿರುತ್ತದೆ, ಕನ್ನಡಕ ಹಾಕಿಕೊಂಡು ನೋಡಬೇಕಷ್ಟೆ. ಗೋಡೆಯೊಳಗೆ ಹೂಳುವ ಲೈನಿಗೆ, ಗಾರೆ ಮುಚ್ಚುವ ಮೊದಲು, ಕೈಪಂಪಿನಿಂದ ಒತ್ತಡದಲ್ಲಿ ನೀರು ತುಂಬಿ ಕೆಲವು ಗಂಟೆ ಬಿಟ್ಟು ನೋಡುವ ಕ್ರಮವೂ ಇದೆ. ಭಾವನ ಮನೆಯಲ್ಲಿ ಇದಾವುದೂ ಆಗಿರಲಿಲ್ಲ.

ಆತ ಹೇಳಿದ: “ಮೇಷ್ಟ್ರೇ, ಪೈಪು ಅಂಗಡೀದು. ಅವರು ಕೊಟ್ಟಿದ್ದು ನಾನು ಹಾಕ್ದೆ. ಇದ್ರಲ್ಲಿ ನಂದೇನಿದೆ?”

ಅಂಗಡಿಯವರನ್ನು ಕೇಳಿದರೆ, ಅವನು ಕೇಳಿದ್ದನ್ನೇ ಕೊಟ್ಟೆವು ಎಂದರು. ಭಾವ ಕ್ಯಾಲೆಂಡರ್ ಹಾಳೆ ತಂದು ಅವನ ಮುಂದೆ ಇಟ್ಟು, “ಯಾವ ಪೈಪು ಹಾಕಬೇಕು ಅಂತ ತಿಳಿದೋನು ನೀನಾ, ನಾನಾ, ಹೇಳಪ್ಪಾ?” ಎಂದರು. ಆತ ಸುಮ್ಮನಾದ. ಪೈಪು ಬದಲಾಯಿಸಿಕೊಡುತ್ತೇನೆ, ಟೈಲ್ಸು ಗಾರೆ ನನಗೆ ಸೇರಿದ್ದಲ್ಲ ಎಂದು ಹೊರಟುಹೋದವನು ಮತ್ತೆ ಬರಲಿಲ್ಲ. ಕೊನೆಗೆ ಬೇರೆಯವರಿಂದ ಕೆಲಸ ಮಾಡಿಸಬೇಕಾಯಿತು.

ಈಗ ನಷ್ಟದ ಪಟ್ಟಿ. ನೆರೆಹೊರೆಯವರು ಹುರಿದುಂಬಿಸಿ, ಮಾನಸಿಕ ಹಿಂಸೆಗೆ ಒಂದು ಲಕ್ಷ ಸೇರಿಸಿ ಎಂದಿದ್ದರು. ಭಾವ ಸೇರಿಸಿಯೂ ಇದ್ದರು. ನಾನು ಹೊಡೆದುಹಾಕಿಸಿದೆ. 1872ರ ಕರಾರು ಕಾಯ್ದೆಯ 73ನೆಯ ಕಲಮು ಈ ವಿಷಯದಲ್ಲಿ ಬಹಳ ನ್ಯಾಯವಾಗಿದೆ: ಕರಾರು ಮುರಿದದ್ದರಿಂದ ಸಹಜವಾಗಿ ಆದ ನಷ್ಟವನ್ನು ಕೇಳಬಹುದು, ದೂರದ್ದನ್ನು ಎಳೆದು ತರುವಂತಿಲ್ಲ, ಮತ್ತು ನಷ್ಟವನ್ನು ತಡೆಯಲು ನಮ್ಮ ಕೈಯಲ್ಲೇ ಉಪಾಯವಿತ್ತೇ ಎಂಬುದನ್ನೂ ಗಣಿಸಬೇಕು. ಅದರಂತೆ, ಹೊಸ ಪೈಪು ಮತ್ತು ಫಿಟ್ಟಿಂಗು 6,200 ರೂಪಾಯಿ, ಟೈಲ್ಸು ಗಾರೆ 11,800, ವೈರಿಂಗ್ ಸರಿಪಡಿಸಿದ್ದು 2,400, ಸೋರಿಹೋದ ಟ್ಯಾಂಕರ್ ನೀರಿಗೆ 1,600, ಒಟ್ಟು 22,000. ರಾಗಿಯನ್ನು ಪಟ್ಟಿಯಿಂದ ತೆಗೆಸಿದೆ. ಗೋಡೆ ಒದ್ದೆಯಾದದ್ದನ್ನು ಕಂಡ ಮೇಲೂ ಮೂರು ವಾರ ಮೂಟೆ ಅಲ್ಲೇ ಇತ್ತು, ಸರಿಸಬಹುದಿತ್ತು. ಅಕ್ಕನಿಗೆ ಇದು ಒಪ್ಪಿಗೆಯಾಗಲಿಲ್ಲ. “ಪೈಪಿಗೆ ಬೆಲೆ, ಟೈಲ್ಸಿಗೆ ಬೆಲೆ, ನನ್ನ ರಾಗಿಗೆ ಬೆಲೆ ಇಲ್ಲವಾ?” ಎಂದು ನನ್ನ ಮೇಲೆಯೇ ತಿರುಗಿಬಿದ್ದಳು.

ಕೂಲಿ ದುಡಿದು ತಿನ್ನುವವನ ಹೊಟ್ಟೆಯ ಮೇಲೆ ಹೊಡೆಯುವುದೇ ಎಂದು ನಮ್ಮ ಹಿರಿಯ ಸದಸ್ಯರು ಕೇಳುವರೆಂದು ಬಲ್ಲೆ. ಈ ಮಾತನ್ನು ತಳ್ಳಿಹಾಕುವವನು ನಾನಲ್ಲ. ಆದರೆ ವ್ಯತ್ಯಾಸವೊಂದಿದೆ. ದಿನಗೂಲಿಗೆ ಬಂದು ನಾವು ತೋರಿಸಿದಲ್ಲಿ ಗೋಡೆ ಕೊರೆದ ಹುಡುಗನನ್ನು ಯಾರೂ ನಷ್ಟ ಕೇಳಬಾರದು. ಸಾಮಾನು ಸಮೇತ ಒಟ್ಟು ಮೊತ್ತಕ್ಕೆ ಗುತ್ತಿಗೆ ಹಿಡಿದವನು, ತಿಳಿದವನೆಂಬ ಹೆಸರಿನಲ್ಲಿ ಲಾಭ ಪಡೆದವನು, ಜವಾಬ್ದಾರಿಯನ್ನೂ ಹೊರಬೇಕು. ನಮ್ಮನ್ನೇ ನೋಡಿ. ಅಡಿಕೆ ಸರಿಯಾಗಿ ಒಣಗಿರದಿದ್ದರೆ ಮಂಡಿಯಲ್ಲಿ ಧಾರಣೆ ಇಳಿಯುತ್ತದೆ. ಕಾಫಿಯಲ್ಲಿ ತೇವ ಹೆಚ್ಚಿದ್ದರೆ, ಔಟ್‌ಟರ್ನ್ ಬಾರದಿದ್ದರೆ, ಕೊಳ್ಳುವವನು ಕಡಿತ ಮಾಡಿಯೇ ತೀರುತ್ತಾನೆ. ಮಳೆ ಬಂತು, ಆಳು ಸಿಗಲಿಲ್ಲ ಎಂದರೆ ಅವನು ಕೇಳುತ್ತಾನೆಯೇ? ನಮ್ಮ ಮಾಲಿನ ದೋಷವನ್ನು ನಾವು ಪೈಸೆ ಪೈಸೆಯಾಗಿ ತೆರುತ್ತೇವೆ. ಬೇರೆಯವರ ದೋಷವನ್ನೂ ನಾವೇ ತೆರುತ್ತೇವೆ. ಇದರಲ್ಲಿ ದೊಡ್ಡತನ ನನಗೆ ಕಾಣುವುದಿಲ್ಲ. ಇನ್ನೊಂದು ಮಾತು: ಸಿಪಿವಿಸಿ ಹಾಕುತ್ತೇನೆಂದು ಸರಿಯಾದ ದರ ಹೇಳುವ ಪ್ರಾಮಾಣಿಕ ಪ್ಲಂಬರನು, ಕಡಿಮೆ ಹೇಳಿ ಬಿಳಿ ಪೈಪು ಹೂಳುವವನ ಎದುರು ಕೆಲಸ ಕಳೆದುಕೊಳ್ಳುತ್ತಾನೆ. ನಾವು ಸುಮ್ಮನಿದ್ದಷ್ಟೂ ಹೊಡೆತ ಬೀಳುವುದು ಅವನ ಹೊಟ್ಟೆಗೆ.

ಕಾನೂನಿನ ದಾರಿ ನಾವು ಹೆದರುವಷ್ಟು ಕಡಿದಾಗಿಲ್ಲ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಬದಲಿಗೆ 2019ರ ಕಾಯ್ದೆ 2020ರ ಜುಲೈ 20ರಿಂದ ಜಾರಿಗೆ ಬಂದಿದೆ. ಹಿಂದೆ ಜಿಲ್ಲಾ ವೇದಿಕೆ ಎನ್ನುತ್ತಿದ್ದುದು ಈಗ ಜಿಲ್ಲಾ ಆಯೋಗ. ಕೊಟ್ಟ ಹಣ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ವಕೀಲರನ್ನು ಇಡಲೇಬೇಕೆಂದಿಲ್ಲ, ನಾವೇ ನಿಂತು ಹೇಳಬಹುದು. ಪ್ಲಂಬರ್ ಎಲ್ಲಿಯವನೇ ಆಗಿರಲಿ, ನಾವು ವಾಸವಿರುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು; ಇದು 2019ರ ಕಾಯ್ದೆ ತಂದ ಅನುಕೂಲ. ದೂರಿಗೆ ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು. ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 1915. ಮನೆ ಕಟ್ಟಿಕೊಡುವ ಕೆಲಸವೂ ‘ಸೇವೆ’ಯೇ ಎಂದು ಸರ್ವೋಚ್ಚ ನ್ಯಾಯಾಲಯ ಲಕ್ನೋ ಅಭಿವೃದ್ಧಿ ಪ್ರಾಧಿಕಾರದ ಮೊಕದ್ದಮೆಯಲ್ಲಿ 1993ರಲ್ಲೇ ಹೇಳಿದೆ. ಯಜಮಾನನ ಅಪ್ಪಣೆಯಂತೆ ದುಡಿಯುವ ಚಾಕರಿ ಬೇರೆ, ತನ್ನ ತಿಳಿವಳಿಕೆ ಬಳಸಿ ಮಾಡಿಕೊಡುವ ಸೇವೆ ಬೇರೆ ಎಂಬ ಭೇದವನ್ನು 1995ರಲ್ಲಿ ವೈದ್ಯರ ಮೊಕದ್ದಮೆಯಲ್ಲಿ ವಿವರಿಸಿದೆ. ಮೇಲೆ ನಾನು ಹೇಳಿದ ಕೂಲಿ–ಗುತ್ತಿಗೆಯ ವ್ಯತ್ಯಾಸಕ್ಕೆ ಅದೇ ಬುಡ. ಬೀಜ ಕೊಂಡ ರೈತನೂ ಗ್ರಾಹಕನೇ ಎಂದು ರಾಷ್ಟ್ರೀಯ ಬೀಜ ನಿಗಮದ ಮೊಕದ್ದಮೆಯಲ್ಲಿ 2012ರಲ್ಲಿ ತೀರ್ಪಾಗಿದೆ. ಆದುದರಿಂದ ತೋಟದ ಸ್ಪ್ರಿಂಕ್ಲರ್ ಲೈನು ಕೆಡಿಸಿದವನನ್ನು ಕೇಳಲು ಹೊರಟ ಸಣ್ಣ ಬೆಳೆಗಾರನು, ನಿನ್ನದು ವ್ಯಾಪಾರ ಎಂಬ ಮಾತಿಗೆ ಅಂಜಬೇಕಾಗಿಲ್ಲ. ಮೂರು ತಿಂಗಳಲ್ಲಿ ತೀರ್ಮಾನವಾಗಬೇಕೆಂದು ಕಾಯ್ದೆಯಲ್ಲಿದೆ. ಅಷ್ಟರಲ್ಲಿ ಆಗಿಬಿಡುತ್ತದೆಂದು ನಂಬಿ ಕೂರಬೇಡಿ.

ಹಾಗಾಗಿಯೇ ಆಯೋಗದವರೆಗೆ ಹೋಗದೆ ಮುಗಿದರೆ ಒಳ್ಳೆಯದು. ಭಾವ ಪಟ್ಟಿ, ಫೋಟೋ, ಕ್ಯಾಲೆಂಡರ್ ಹಾಳೆಯ ನಕಲು ಎಲ್ಲವನ್ನೂ ಸೇರಿಸಿ ಎರಡನೆಯ ಕಾಗದ ಬರೆದರು, ಉತ್ತರವಿಲ್ಲ. ಮೂರನೆಯದರಲ್ಲಿ ಕೋಲಾರದ ಜಿಲ್ಲಾ ಆಯೋಗಕ್ಕೆ ಹೋಗುವ ತಾರೀಖನ್ನು ನಮೂದಿಸಿದರು. ಆ ತಾರೀಖಿನ ಹಿಂದಿನ ಭಾನುವಾರ ಆತ ತನ್ನ ಅಣ್ಣನನ್ನು ಕರೆದುಕೊಂಡು ಬಂದ. ಅಣ್ಣ ಬಹಳ ಮರ್ಯಾದಸ್ಥ. ಕಾಫಿ ಕುಡಿದ ಮೇಲೆ, “ತಪ್ಪಾಗೈತೆ ಮೇಷ್ಟ್ರೇ, ಒಂದೇ ಸಲ ಕೊಡೋಕೆ ಆಗಲ್ಲ” ಎಂದರು. 14,000ಕ್ಕೆ ಮಾತಾಯಿತು: ಹತ್ತು ಸಾವಿರ ಎರಡು ಕಂತಿನಲ್ಲಿ ನಗದು, ಉಳಿದದ್ದಕ್ಕೆ ಅಡಿಗೆಮನೆಯ ಲೈನನ್ನು ಮಜೂರಿಯಿಲ್ಲದೆ ಮಾಡಿಕೊಡುವುದು. ಎಂಟು ಸಾವಿರ ಬಿಟ್ಟುಕೊಟ್ಟದ್ದು ಸರಿಯೇ ಎಂದು ನನ್ನನ್ನು ಕೇಳಿದರೆ, ಸರಿ ಎನ್ನುತ್ತೇನೆ. ಗೋಡೆ ಮುಚ್ಚುವ ಮೊದಲು ಒಂದು ದಿನವೂ ಹೋಗಿ ಪೈಪಿನ ಬಣ್ಣ ನೋಡದಿದ್ದವರು ಭಾವನೇ ಅಲ್ಲವೇ?

ಅಡಿಗೆಮನೆಯ ಲೈನು 2024ರಲ್ಲಿ ಮುಗಿಯಿತು. ಈ ಸಲ ಕೈಪಂಪು ತಂದು, ಒತ್ತಡ ಕೊಟ್ಟು, ಒಂದು ರಾತ್ರಿ ಬಿಟ್ಟು ನೋಡಿಯೇ ಗಾರೆ ಹಾಕಿದ್ದು. ರಾಗಿಯ ಲೆಕ್ಕವನ್ನು ಮಾತ್ರ ಅಕ್ಕ ನನ್ನ ಹೆಸರಿಗೆ ಬರೆದುಕೊಂಡಿದ್ದಾಳೆ. ಕಳೆದ ಸಲ ಹೋದಾಗ ಅಡಿಕೆ, ಕಾಫಿಪುಡಿ ಎಲ್ಲ ಕೊಟ್ಟರೂ ಚೀಲ ತಡಕಿ ನೋಡಿ, “ಎರಡು ಮೂಟೆ ಎಲ್ಲಿ?” ಎಂದು ಕೇಳಿದಳು.